ಒಂದೇ ರೈಫಲ್, ಮನೆಯ ನಾಲ್ವರಿಗೆ: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಶಿಡ್ಲಘಟ್ಟದ ಸುತ್ತ ರೇಷ್ಮೆ ಬಿಟ್ಟವರ ಮನೆಗಳಲ್ಲಿ ಹುಳು ಸಾಕುತ್ತಿದ್ದ ಉದ್ದನೆಯ ಕೋಣೆಗಳು ಖಾಲಿ ಬಿದ್ದಿವೆ. ನಮ್ಮದೂ ಅಂಥದ್ದೇ: ನಲವತ್ತೈದು ಅಡಿ ಉದ್ದ, ಎರಡೂ ಬದಿಗೆ ಜಾಲರಿ ಕಿಟಕಿ. ಹಿಪ್ಪುನೇರಳೆ ತೆಗೆದು ಮಾವು ಹಾಕಿದ ಮೇಲೆ ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ಅಟ್ಟಕ್ಕೆ ಏರಿಸಿ, ಕೋಣೆಗೆ ಬೀಗ ಹಾಕಿದ್ದೆವು. ಹತ್ತು ಮೀಟರ್ ಎಂದರೆ ಸುಮಾರು 33 ಅಡಿ. ನಿಲ್ಲುವವರ ಬೆನ್ನ ಹಿಂದೆಯೂ ಗುರಿಹಲಗೆಯ ಹಿಂದೆಯೂ ಜಾಗ ಬಿಟ್ಟರೆ ಏರ್ ರೈಫಲ್ ಅಭ್ಯಾಸಕ್ಕೆ ಹುಳುಮನೆ ಅಳೆದು ಕಟ್ಟಿಸಿದಂತಿದೆ. ಎಂಟನೆಯ ತರಗತಿಯಲ್ಲಿರುವ ಮಗಳು ಅದನ್ನು ಮೊದಲು ಲೆಕ್ಕ ಹಾಕಿದಳು.

ಅಲ್ಲಿಂದ ಆಸೆಗಳು ಬೆಳೆದವು. ಮಗಳಿಗೆ ಸ್ಪರ್ಧೆಗೆ ಹೋಗಬೇಕು. ನನಗೆ ಭಾನುವಾರ ಮಾವಿನ ತೋಟದ ಬದುವಿನಲ್ಲಿ ಇಪ್ಪತ್ತೈದು ಮೀಟರ್ ದೂರದ ಕಾಗದಕ್ಕೆ ಗುರಿಯಿಡುವ ಆಸೆ. ಎಪ್ಪತ್ತು ದಾಟಿದ ಅಪ್ಪ ಕುರ್ಚಿಯಲ್ಲಿ ಕುಳಿತು, ಮೇಜಿನ ಮೇಲೆ ಮರಳುಚೀಲ ಇಟ್ಟುಕೊಂಡು ಹೊಡೆಯುತ್ತೇನೆ ಎಂದರು. ಚಿಕ್ಕಬಳ್ಳಾಪುರದ ಬಳಿ ದ್ರಾಕ್ಷಿ ಬೆಳೆಯುವ ಭಾವ, "ಹೇಗೂ ತರುತ್ತೀರಿ, ನನ್ನ ತೋಟದ ಗಿಳಿಗಳಿಗೂ ಆಗುವಂಥದ್ದನ್ನೇ ತನ್ನಿ" ಎಂದರು. ಒಂದೇ ರೈಫಲ್ ನಾಲ್ವರಿಗೂ ಆಗಬೇಕು. ಎರಡು ವರ್ಷ ಹುಡುಕಿ, ಒಮ್ಮೆ ತಪ್ಪು ಕೊಂಡು, ಕೊನೆಗೆ ಸರಿಯಾದದ್ದನ್ನು ತಂದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಇದೇ ಲೆಕ್ಕದಲ್ಲಿರುವ ಮನೆಗಳು ಇನ್ನೂ ಇರಬೇಕು.

ನಾನು ಕಂಡುಕೊಂಡದ್ದು ಇಷ್ಟು: ಬಹುಪಯೋಗ ಎಂಬುದು ರೈಫಲ್‌ನ ಬಲದಲ್ಲಿಲ್ಲ, ಅದು ಎಷ್ಟು ಮೈಗಳಿಗೆ ಹೊಂದಿಕೊಳ್ಳುತ್ತದೆ ಎಂಬುದರಲ್ಲಿದೆ. ಅಂಗಡಿಯವರು ಮೊದಲು ಹೇಳುವುದು ಬಲವನ್ನು. ಅದನ್ನು ಕೊನೆಗೆ ಕೇಳಿಸಿಕೊಳ್ಳಿ.

ಮೊದಲು ಕಾನೂನಿನ ಗೆರೆ

ಹೊರದೇಶಗಳಲ್ಲಿ ನಳಿಗೆ ಒಂದು ಕಡೆ, ಸ್ಟಾಕ್ (ಹೆಗಲಿಗೆ ಒತ್ತಿ ಹಿಡಿಯುವ ಹಿಂಭಾಗ) ಒಂದು ಕಡೆ ಕೊಂಡು ಮನೆಯಲ್ಲೇ ರೈಫಲ್ ಕಟ್ಟಿಕೊಳ್ಳುವವರಿದ್ದಾರೆ. ಇಲ್ಲಿ ಪರವಾನಗಿಯಿಲ್ಲದೆ ಬಂದೂಕು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಘೋರ ಅಪರಾಧ. 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ. ಹಾಗಾಗಿ ನಾವು 'ಕಟ್ಟುವುದು' ಎಂದರೆ ಕಾರ್ಖಾನೆಯಿಂದ ಬಂದ ಒಂದು ರೈಫಲ್‌ನ ಸುತ್ತ ಸೈಟು (ಗುರಿ ನೋಡುವ ಸಾಧನ), ಕೆನ್ನೆ ಒರಗಿಸುವ ಕೆನ್ನೆಪಟ್ಟಿ, ತೂಕದ ಬಿಲ್ಲೆ, ತೋಳಿಗೆ ಬಿಗಿಯುವ ಸ್ಲಿಂಗ್ ಪಟ್ಟಿ ಜೋಡಿಸಿಕೊಳ್ಳುವುದು ಮಾತ್ರ.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಒಳವ್ಯಾಸ 4.5 ಮಿ.ಮೀ. (.177 ಎಂದು ಕರೆಯುವುದು) ಮೀರದ, ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಎರಡರಲ್ಲಿ ಒಂದು ಮೀರಿದರೂ ಬೇಕು. 5.5 ಮಿ.ಮೀ. ಏರ್ ರೈಫಲ್ ತೋರಿಸಿ "ಇದೂ ಏರ್ ಗನ್ನೇ, ಏನೂ ಆಗುವುದಿಲ್ಲ" ಎನ್ನುವವರ ಮಾತು ನಂಬಬೇಡಿ. ಮನೆಯಲ್ಲಿ ಗಟ್ಟಿ ಸ್ಪ್ರಿಂಗ್ ಹಾಕಿ ಶಕ್ತಿ ಏರಿಸಲೂ ಹೋಗಬೇಡಿ. ಕೊಡವರಿಗೆ ಕೋವಿಯ ವಿಷಯದಲ್ಲಿ ಇರುವ ವಿನಾಯಿತಿ ನಮ್ಮ ಕಡೆಯವರಿಗೆ ಇಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆ ಪ್ರಶ್ನೆ ನನಗೆ ಅನೇಕ ಸಲ ಬಂದಿದೆ.

ಪಟ್ಟಿಯಿಂದ ಭಾವನ ಕೆಲಸವನ್ನು ತೆಗೆದುಹಾಕಿದೆವು

ಇದಕ್ಕೆ ಮನೆಯಲ್ಲಿ ಒಂದು ಸಂಜೆ ಪೂರ್ತಿ ವಾದ ನಡೆಯಿತು. ದ್ರಾಕ್ಷಿ ಹಣ್ಣಾಗುವ ಹೊತ್ತಿಗೆ ಗಿಳಿಗಳ ಹಿಂಡು ಇಳಿದರೆ ಏನಾಗುತ್ತದೆ ಎಂಬುದು ನನಗೂ ಗೊತ್ತು. ಒಂದು ಗೊನೆಯಲ್ಲಿ ನಾಲ್ಕು ಹಣ್ಣು ಕುಕ್ಕಿದರೆ ಸಾಕು, ರಸ ಸೋರಿ ನೊಣ ಮುತ್ತಿ ಗೊನೆಯೇ ಕೆಡುತ್ತದೆ. ಆದರೆ ಗಿಳಿಯೂ ನವಿಲೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಜೀವಿಗಳು. ಪರವಾನಗಿ ಬೇಡದ ಏರ್ ರೈಫಲ್ ಎಂದರೆ ಬೇಟೆಗೆ ಅನುಮತಿ ಎಂದಲ್ಲ. ಕಾಡುಹಂದಿಗೆ ಹೊಡೆದರಂತೂ ಅದು ಸಾಯುವುದಿಲ್ಲ. ಚರ್ಮದೊಳಗೆ ಸೀಸ ಇಟ್ಟುಕೊಂಡು ವಾರಗಟ್ಟಲೆ ಕೊಳೆಯುತ್ತದೆ. ಅದನ್ನು ನೆನೆಸಿಕೊಂಡರೆ ನನಗೆ ಸಂಕಟವಾಗುತ್ತದೆ.

ಭಾವ ಕೊನೆಗೆ ಬಲೆ ಹಾಕಿಸಿದರು. ರೈಫಲ್‌ಗೆಂದು ತೆಗೆದಿಟ್ಟ ಅವರ ಪಾಲಿನ ಹಣ ಮೊದಲ ಎರಡು ಸಾಲಿನ ಬಲೆಗೆ ಹೋಯಿತು. ಉಳಿದದ್ದು ಮೂರು ಕೆಲಸ: ಹತ್ತು ಮೀಟರ್ ನಿಂತು, ಇಪ್ಪತ್ತೈದು ಮೀಟರ್ ಬಯಲಲ್ಲಿ, ಮೇಜಿನ ಮೇಲೆ ಒರಗಿಸಿ. ಈ ಮೂರನ್ನು ಒಂದು ರೈಫಲ್ ಮಾಡಬಲ್ಲದು.

ಸ್ಪ್ರಿಂಗೋ, ಗಾಳಿ ತುಂಬುವುದೋ

ನಾನು ಮೊದಲು ತಂದದ್ದು ನಳಿಗೆಯನ್ನು ಕೆಳಕ್ಕೆ ಬಾಗಿಸಿ ಎಳೆಯುವ ಸ್ಪ್ರಿಂಗ್ ರೈಫಲ್. ಜಾತ್ರೆಯಲ್ಲಿ ಬಲೂನು ಹೊಡೆಯಲು ಕೊಡುತ್ತಾರಲ್ಲ, ಅದೇ ಜಾತಿ, ಸ್ವಲ್ಪ ದೊಡ್ಡದು. ಬೆಲೆ ಹತ್ತು-ಹದಿನೈದು ಸಾವಿರದ ಒಳಗೆ. ಗಾಳಿ ತುಂಬುವ ಸಲಕರಣೆ ಬೇಡ. ಸ್ಪ್ರಿಂಗು, ವಾಷರು ಸವೆದರೆ ಬದಲಿಸಬಹುದು. ಇಷ್ಟು ಅನುಕೂಲ ಬೇರೆ ಯಾವುದರಲ್ಲೂ ಇಲ್ಲ, ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ.

ಆದರೆ ಅದರ ಒಳಗೆ ನಡೆಯುವುದನ್ನು ಗಮನಿಸಿ. ಟ್ರಿಗರ್ ಒತ್ತಿದೊಡನೆ ಭಾರವಾದ ಪಿಸ್ಟನ್ ಮುಂದಕ್ಕೆ ಹಾರುತ್ತದೆ, ರೈಫಲ್ ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ತುದಿಗೆ ಬಂದು ನಿಂತಾಗ ರೈಫಲ್ ಮುಂದಕ್ಕೆ ಎಗರುತ್ತದೆ. ಪೆಲೆಟ್ (ಏರ್ ರೈಫಲ್‌ನ ಪುಟ್ಟ ಸೀಸದ ಗುಂಡು) ನಳಿಗೆ ಬಿಡುವ ಮೊದಲೇ ಅಲುಗಾಟ ಶುರುವಾಗಿರುತ್ತದೆ. ಹಾಗಾಗಿ ಪ್ರತಿ ಸಲವೂ ಒಂದೇ ಬಿಗುವಿನಲ್ಲಿ, ಅಂಗೈ ಮೇಲೆ ಸುಮ್ಮನೆ ಇಟ್ಟಂತೆ ಹಿಡಿಯಬೇಕು. ಅಪ್ಪ ಮರಳುಚೀಲದ ಮೇಲೆ ಒತ್ತಿ ಹಿಡಿದಾಗ ಗುಂಡುಗಳೆಲ್ಲ ಮೇಲೆ ಬಿದ್ದವು. ನಾನು ಕೈಯಲ್ಲಿ ಹಿಡಿದಾಗ ಎಡಕ್ಕೆ. ಸೈಟು ಮುಟ್ಟಿರಲೇ ಇಲ್ಲ. ಒಬ್ಬರಿಗೆ ಹೊಂದಿಸಿದ ಸ್ಪ್ರಿಂಗ್ ರೈಫಲ್ ಇನ್ನೊಬ್ಬರ ಕೈಗೆ ಹೋದರೆ ಬೇರೆಯೇ ರೈಫಲ್ ಆಗುತ್ತದೆ. ಮನೆಮಂದಿಗೆಲ್ಲ ಒಂದು ಎನ್ನುವವರಿಗೆ ಇದೇ ದೊಡ್ಡ ತೊಡಕು. ಮಗಳು ನಳಿಗೆ ಎಳೆಯಲು ಎರಡೂ ಕೈ ಹಾಕಿ ಮೊಣಕಾಲಿಗೆ ಒತ್ತುತ್ತಿದ್ದಳು. ಇಪ್ಪತ್ತು ಸಲ ಎಳೆದರೆ ಆ ದಿನ ಅವಳ ತೋಳು ಮುಗಿಯಿತು. ಸ್ಪರ್ಧೆಯಲ್ಲಿ ಹೊಡೆಯಬೇಕಾದದ್ದು ಅರವತ್ತು.

ಮತ್ತೊಂದು ನಷ್ಟವನ್ನೂ ಹೇಳಬೇಕು. "ಇದಕ್ಕೆ ಯಾವ ಸ್ಕೋಪ್ ಆದರೂ ನಡೆಯುತ್ತದೆ" ಎಂದ ಅಂಗಡಿಯವರ ಮಾತು ಕೇಳಿ, ಗುರಿಯನ್ನು ಹತ್ತಿರ ತೋರಿಸುವ ದುರ್ಬೀನಿನಂಥ ಸ್ಕೋಪ್ ಹಾಕಿಸಿದೆ. ಸಾಮಾನ್ಯ ಸ್ಕೋಪ್‌ಗಳು ಹಿಂದಕ್ಕೆ ಒದೆಯುವುದನ್ನು ತಾಳಲು ಕಟ್ಟಿದವು. ಸ್ಪ್ರಿಂಗ್ ರೈಫಲ್‌ನ ಮುಂದಕ್ಕೆ ಎಗರುವ ಪೆಟ್ಟನ್ನು ತಾಳುವುದಿಲ್ಲ. ಒಂದು ಡಬ್ಬಿ ಪೆಲೆಟ್ ಮುಗಿಯುವುದರೊಳಗೆ ಒಳಗಿನ ಕ್ರಾಸ್ ಓರೆಯಾಯಿತು.

ಸ್ಪ್ರಿಂಗ್ ಬದಲು ಅನಿಲ ತುಂಬಿದ ಕೊಳವೆ ಇರುವ ಗ್ಯಾಸ್ ರ‍್ಯಾಮ್ ಬಗೆಯೂ ಇದೆ. ಕಂಪನ ಕಡಿಮೆ, ಎಳೆಯುವ ಕಷ್ಟ ಮಾತ್ರ ಹಾಗೆಯೇ. ಕೆಟ್ಟರೆ ಇಡೀ ಕೊಳವೆ ಬದಲಿಸಬೇಕು.

ಇಂಗಾಲದ ಡೈಆಕ್ಸೈಡ್‌ನ ಪುಟ್ಟ ಸಿಲಿಂಡರ್‌ನಿಂದ ನಡೆಯುವ ರೈಫಲ್ ನಮ್ಮ ಹವೆಗೆ ಸಲ್ಲದು. ಆ ಅನಿಲದ ಒತ್ತಡ 20 ಡಿಗ್ರಿ ಶಾಖದಲ್ಲಿ ಸುಮಾರು 57 ಬಾರ್. ಚಳಿಯಾದರೆ ಇಳಿಯುತ್ತದೆ, ಬಿಸಿಲೇರಿದರೆ ಏರುತ್ತದೆ. ನಂದಿಬೆಟ್ಟದ ಕಡೆಯಿಂದ ಮಂಜು ಇಳಿಯುವ ಡಿಸೆಂಬರ್ ಬೆಳಗಿಗೂ ಏಪ್ರಿಲ್ ಮಧ್ಯಾಹ್ನದ ಶೀಟಿನ ಛಾವಣಿಗೂ ಒಂದೇ ಸೈಟು ಹೊಂದುವುದಿಲ್ಲ.

ಉಳಿದದ್ದು ಮೊದಲೇ ಗಾಳಿ ತುಂಬಿಡುವ ಪಿಸಿಪಿ ರೈಫಲ್. ಇದರಲ್ಲಿ ಎರಡು ಕುಲ. ಒಂದು ಬಯಲಿನ ಬಗೆ: ಶಕ್ತಿ 20 ಜೂಲ್‌ಗೆ ತುಸು ಕೆಳಗೆ, ಮ್ಯಾಗಝೀನ್‌ನಲ್ಲಿ ಹಲವು ಪೆಲೆಟ್, ಸ್ಕೋಪ್ ಹಾಕಲು ಪಟ್ಟಿ. ಇನ್ನೊಂದು ಹತ್ತು ಮೀಟರ್ ಸ್ಪರ್ಧೆಯ ಬಗೆ: ಒಮ್ಮೆಗೆ ಒಂದೇ ಪೆಲೆಟ್, ಶಕ್ತಿ ತೀರಾ ಕಡಿಮೆ. 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 175 ಮೀಟರ್ ವೇಗದಲ್ಲಿ ಹೋದರೆ ಎಂಟು ಜೂಲ್ ಆಗುತ್ತದೆ, ಅಷ್ಟೇ. ಬಯಲಿನ ಬಗೆಯದರಲ್ಲಿ ಅದೇ ಪೆಲೆಟ್ 270 ಮೀಟರ್ ವೇಗದವರೆಗೂ ಹೋಗಬಹುದು.

ಅಂಕಿ ನೋಡಿದರೆ ದೊಡ್ಡದನ್ನು ಕೊಂಡು ಎರಡಕ್ಕೂ ಬಳಸೋಣ ಎನಿಸುತ್ತದೆ. ನನಗೂ ಅನ್ನಿಸಿತ್ತು. ಆದರೆ ಸ್ಪರ್ಧೆಯ ಗುರಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಇಡೀ ವೃತ್ತ 45.5 ಮಿ.ಮೀ., ನಡುವಿನ ಹತ್ತರ ಚುಕ್ಕೆ 0.5 ಮಿ.ಮೀ. ಒಂದು ರಾಗಿ ಕಾಳು ತಂದು ಅದರ ಮೇಲಿಟ್ಟರೆ ಚುಕ್ಕೆ ಕಾಣುವುದೇ ಇಲ್ಲ. ಅದನ್ನು ಹತ್ತು ಮೀಟರ್ ದೂರದಿಂದ, ನಿಂತು, ಒಂದೂಕಾಲು ಗಂಟೆಯಲ್ಲಿ ಅರವತ್ತು ಸಲ ಮುಟ್ಟಲು ಹೊರಟವಳಿಗೆ ಶಕ್ತಿಯಿಂದ ಏನೂ ಆಗಬೇಕಿಲ್ಲ. ಬೇಕಾದದ್ದು ಅಲುಗದ ರೈಫಲ್, ಉಗುರಿನ ಒತ್ತಡಕ್ಕೆ ಬಿಡುವ ಟ್ರಿಗರ್, ಕೆನ್ನೆ ಪ್ರತಿ ಸಲ ಅದೇ ಜಾಗಕ್ಕೆ ಬಂದು ಕೂರುವ ಸ್ಟಾಕ್. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಹತ್ತು ಮೀಟರ್‌ನಲ್ಲಿ.

ಸ್ಪರ್ಧೆಯ ಬಗೆಯದು ಇಪ್ಪತ್ತೈದು ಮೀಟರ್‌ಗೆ ಸಾಲದೇ? ಸಾಲುತ್ತದೆ. ಪೆಲೆಟ್ ಹತ್ತು ಮೀಟರ್‌ಗೆ ಒಂದೂವರೆ ಸೆಂಟಿಮೀಟರ್‌ನಷ್ಟು ಇಳಿದರೆ ಇಪ್ಪತ್ತೈದಕ್ಕೆ ಹತ್ತು ಸೆಂಟಿಮೀಟರ್ ಮೀರಿ ಇಳಿಯುತ್ತದೆ. ಸೈಟಿನಲ್ಲಿ ಅಷ್ಟು ಏರಿಸಿಕೊಂಡರೆ ಆಯಿತು. ಗಾಳಿ ಬೀಸಿದರೆ ಪಕ್ಕಕ್ಕೆ ಜಾರುತ್ತದೆ, ನಿಜ. ಬೆಳಗ್ಗೆ ಏಳಕ್ಕೆ ಮುಂಚೆ ತೋಟದಲ್ಲಿ ಗಾಳಿ ಇರುವುದಿಲ್ಲ, ನಾನು ಆಗಲೇ ಹೊಡೆಯುತ್ತೇನೆ. ಕಾಗದಕ್ಕೆ ದುಂಡನೆಯ ತೂತು ಕೊರೆಯುವ ಚಪ್ಪಟೆ ಮೂತಿಯ ಪೆಲೆಟ್ ಹತ್ತು ಮೀಟರ್‌ಗೆ. ದೂರಕ್ಕೆ ಗುಂಡು ಮೂತಿಯದು. ಪೆಲೆಟ್ ಡಬ್ಬಿ ಬದಲಿಸುವುದರಿಂದ ಆಗುವ ವ್ಯತ್ಯಾಸ ರೈಫಲ್ ಬದಲಿಸಿದಷ್ಟೇ ಇರುತ್ತದೆ. ಐವತ್ತು ಮೀಟರ್ ದೂರಕ್ಕೇ ಹೊಡೆಯಬೇಕು ಎನ್ನುವವರು ಮಾತ್ರ ಬಯಲಿನ ಬಗೆಗೆ ಹೋಗಲಿ.

ಬೆಲೆಯ ಮಾತು. ಫೈನ್‌ವರ್ಕ್‌ಬೌ, ವಾಲ್ಥರ್, ಆನ್‌ಶುಟ್ಜ್ ಮುಂತಾದ ಹೊರದೇಶದ ಸ್ಪರ್ಧಾ ರೈಫಲ್‌ಗಳ ಬೆಲೆ ಎರಡು ಲಕ್ಷ ದಾಟುತ್ತದೆ. ಪ್ರೆಸಿಹೋಲ್‌ನಂಥ ದೇಶದ ಕಂಪನಿಗಳ ಪಿಸಿಪಿಗಳು ಅದಕ್ಕಿಂತ ಬಹಳ ಕೆಳಗೆ ಸಿಗುತ್ತವೆ. ನನ್ನ ಸಲಹೆ: ಮಗು ಸ್ಪರ್ಧೆಯಲ್ಲಿ ಎರಡು ವರ್ಷ ನಿಲ್ಲುವವರೆಗೆ ದೇಶದ್ದು, ಅಥವಾ ಕ್ಲಬ್‌ನಲ್ಲಿ ಯಾರಾದರೂ ಮೇಲಿನದಕ್ಕೆ ಹೋಗುವಾಗ ಬಿಡುವ ಹಳೆಯದು. ಹದಿನೈದು ಸಾವಿರಕ್ಕಿಂತ ಹೆಚ್ಚು ಆಗದು ಎನ್ನುವವರು ಸ್ಪ್ರಿಂಗ್ ರೈಫಲನ್ನೇ ಕೊಳ್ಳಿ, ಸ್ಕೋಪ್ ಬೇಡ, ಒಬ್ಬರೇ ಬಳಸಿ.

ಗಾಳಿ ಎಲ್ಲಿಂದ?

ನಮ್ಮ ಕಡೆ ಪಿಸಿಪಿ ಕೊಳ್ಳುವವರು ಮರೆಯುವ ಪ್ರಶ್ನೆ ಇದು. ಬೇಕಾದದ್ದು 200 ಬಾರ್. ಪಂಚರ್ ಅಂಗಡಿಯ ಕಂಪ್ರೆಸರ್ ಕೊಡುವುದು ಎಂಟೋ ಹತ್ತೋ ಬಾರ್. ಮುಳುಗುಗಾರರ ಸಿಲಿಂಡರ್ ತುಂಬಿಸಲು ಪ್ರತಿ ಸಲ ಬೆಂಗಳೂರಿಗೆ ಹೋಗಬೇಕಾದೀತು. ಹಾಗಾಗಿ ಮೂರು ಹಂತದ ಕೈಪಂಪನ್ನು ರೈಫಲ್ ಜೊತೆಗೇ ಲೆಕ್ಕಕ್ಕೆ ಸೇರಿಸಿ. ಎಂಟು ಜೂಲ್‌ನ ರೈಫಲ್ ಗಾಳಿ ಕಡಿಮೆ ಕುಡಿಯುತ್ತದೆ, ಕೈಪಂಪಿನಲ್ಲೇ ನಡೆಯುತ್ತದೆ. ಇಪ್ಪತ್ತು ಜೂಲ್‌ನದಕ್ಕೆ ಪಂಪು ಹೊಡೆದೇ ಬೆವರಿಳಿಯುತ್ತದೆ. ಸಣ್ಣದನ್ನು ಆರಿಸಲು ಇದೂ ಒಂದು ಕಾರಣ. ಐವತ್ತು ಸಲ ಒತ್ತಿದ ಮೇಲೆ ಪಂಪು ಆರಲು ಬಿಡಿ, ತೇವ ಹೊರಬಿಡುವ ತಿರುಪು ಬಿಚ್ಚಿ. ಇಲ್ಲದಿದ್ದರೆ ನೀರು ಒಳಗೆ ಸೇರಿ ತುಕ್ಕು ಹಿಡಿಯುತ್ತದೆ.

ವೆಲ್ಡಿಂಗ್ ಅಂಗಡಿಯ ಆಮ್ಲಜನಕ ತುಂಬಿಸೋಣ ಎಂದು ಒಬ್ಬರು ನನ್ನ ಮುಂದೆಯೇ ಅಂದರು. ಎಂದಿಗೂ ಬೇಡ. ಒತ್ತಡದ ಆಮ್ಲಜನಕಕ್ಕೆ ಎಣ್ಣೆಯ ಪಸೆ ತಾಗಿದರೆ ಸಿಲಿಂಡರ್ ಸಿಡಿದು ಮುಖ ಹೋಗುತ್ತದೆ.

ಒಂದು ರೈಫಲ್, ಮೂರು ಮೈ

ಈಗ ನಾನು ಹೆಚ್ಚು ಕಾಲ ಕಳೆದ ವಿಷಯ. ರೈಫಲ್‌ನ ಹಿಂಬದಿಯ ತಟ್ಟೆಯನ್ನು ಮೊಣಕೈ ಮಡಿಕೆಗೆ ಇಟ್ಟು ಕೈ ಚಾಚಿದರೆ ತೋರುಬೆರಳು ಟ್ರಿಗರ್‌ಗೆ ಸುಲಭವಾಗಿ ಮುಟ್ಟಬೇಕು. ನನಗೆ ಮುಟ್ಟುವ ರೈಫಲ್‌ನಲ್ಲಿ ಮಗಳ ಬೆರಳು ಎರಡು ಇಂಚು ಹಿಂದೆಯೇ ಉಳಿಯುತ್ತಿತ್ತು. ಅವಳು ಅದನ್ನು ಸರಿದೂಗಿಸಲು ಸೊಂಟ ಹಿಂದಕ್ಕೆ ಬಾಗಿಸಿ ನಿಲ್ಲುತ್ತಿದ್ದಳು. ತಿಂಗಳೊಳಗೆ ಬೆನ್ನು ನೋವು. ಹಿಂಬದಿಯ ತಟ್ಟೆ ಉದ್ದಕ್ಕೂ ಎತ್ತರಕ್ಕೂ ಸರಿಯುವಂತಿರಬೇಕು, ಕೆನ್ನೆಪಟ್ಟಿ ಮೇಲೆ ಕೆಳಗೆ ಆಗಬೇಕು. ಇವೆರಡು ಇಲ್ಲದ ರೈಫಲ್ ಎಷ್ಟೇ ಚೆನ್ನಾಗಿರಲಿ, ಮನೆಮಂದಿಗೆ ಆಗುವುದಿಲ್ಲ.

ತೂಕಕ್ಕೂ ಇದೇ ಲೆಕ್ಕ. ಸ್ಪರ್ಧೆಯಲ್ಲಿ 5.5 ಕಿಲೋ ಮೀರುವಂತಿಲ್ಲ. ಹಗುರವಾದದ್ದನ್ನು ಕೊಂಡು, ನಳಿಗೆಯ ಕೆಳಗೆ ತಿರುಪಿನ ಬಿಲ್ಲೆಗಳನ್ನು ಬೇಕಾದಷ್ಟು ಸೇರಿಸಿಕೊಳ್ಳಬಹುದು. ಭಾರದ ರೈಫಲನ್ನು ಹಗುರ ಮಾಡಲು ಬರುವುದಿಲ್ಲ. ಮಗಳು ಬಿಲ್ಲೆಯಿಲ್ಲದೆ ಶುರುಮಾಡಿದಳು, ಈಗ ಎರಡು ಹಾಕುತ್ತಾಳೆ. ಅಪ್ಪನಿಗೆ ಮೇಜಿನ ಮೇಲೆ ನಾಲ್ಕೂ ಇದ್ದರೆ ಒಳ್ಳೆಯದು.

ಸೈಟಿನಲ್ಲಿ ನಾನು ಎಡವುತ್ತಿದ್ದೆ, ಮಗಳ ತರಬೇತುದಾರರು ತಡೆದರು. ಸಣ್ಣ ರಂಧ್ರಕ್ಕೆ ಕಣ್ಣಿಟ್ಟು ನೋಡುವ ಪೀಪ್ ಸೈಟ್ ಕೂರುವುದು 11 ಮಿ.ಮೀ. ಅಗಲದ ಡವ್‌ಟೇಲ್ ಪಟ್ಟಿಯ ಮೇಲೆ. ಬಯಲಿನ ರೈಫಲ್‌ಗಳಲ್ಲಿ ಅನೇಕಕ್ಕೆ ಇರುವುದು ಹಲ್ಲುಹಲ್ಲಾದ ಪಿಕಾಟಿನ್ನಿ ಪಟ್ಟಿ. ಅದರ ಮೇಲೆ ಪೀಪ್ ಸೈಟ್ ನೇರವಾಗಿ ಕೂರುವುದಿಲ್ಲ. 11 ಮಿ.ಮೀ. ಪಟ್ಟಿ ಇದ್ದರೆ ಮಗಳ ಪೀಪ್ ಸೈಟೂ, ಕಣ್ಣು ಮಂಜಾದ ಅಪ್ಪನ ಸ್ಕೋಪೂ ಅದರ ಮೇಲೆಯೇ ಬದಲಾಗುತ್ತವೆ. ಸ್ಕೋಪ್ ಹತ್ತು ಮೀಟರ್‌ಗೆ ಹೊಂದಿಸಿಕೊಳ್ಳುವ ಉಂಗುರವಿರುವುದೇ ಆಗಬೇಕು. ದೂರಕ್ಕೆ ಮಾಡಿದ ಸ್ಕೋಪ್‌ನಲ್ಲಿ ಹತ್ತು ಮೀಟರ್‌ನ ಗುರಿ ಮಸುಕಾಗಿ ಕಾಣುತ್ತದೆ. ಸೈಟ್ ಕೂರುವ ಜಾಗಕ್ಕೆ ಪೆನ್ಸಿಲ್ ಗೆರೆ ಎಳೆದಿದ್ದೇವೆ. ಯಾರಿಗೆ ಸೈಟಿನ ತಿರುಪು ಎಷ್ಟು ಕ್ಲಿಕ್, ಕೆನ್ನೆಪಟ್ಟಿ ಎಷ್ಟನೆಯ ಗೀಟು, ಯಾವ ಡಬ್ಬಿಯ ಪೆಲೆಟ್ ಎಂಬುದಕ್ಕೆ ಹುಳುಮನೆಯ ಬಾಗಿಲ ಪಕ್ಕ ಒಂದು ನೋಟ್‌ಬುಕ್ ದಾರದಲ್ಲಿ ತೂಗುತ್ತಿದೆ. ಕೈ ಬದಲಾದಾಗ ಐದು ನಿಮಿಷದ ಕೆಲಸ.

ಪರವಾನಗಿ ಪಡೆದು .22 ತರಬಾರದೇ?

ಕೇಳುವವರಿಗಾಗಿ ಚುಟುಕಾಗಿ. ಮದ್ದಿನ ತೋಟಾ ಹಾಕಿ ಹೊಡೆಯುವ .22 ರೈಫಲ್ ಐವತ್ತು ಮೀಟರ್ ಸ್ಪರ್ಧೆಯದು. 2024ರ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ತಂದ ಮೂರು ಭಂಗಿಯ ವಿಭಾಗ ಅದರದೇ. ಅದರ ತೋಟಾದ ಶಕ್ತಿ 140 ಜೂಲ್‌ನ ಸುಮಾರು, ಗುಂಡು ಒಂದು ಕಿಲೋಮೀಟರ್ ಮೀರಿ ಹೋಗುತ್ತದೆ. ಹುಳುಮನೆಯಲ್ಲೂ ಮಾವಿನ ತೋಟದಲ್ಲೂ ಹೊಡೆಯುವ ವಸ್ತುವಲ್ಲ, ರೇಂಜ್‌ಗೇ ಹೋಗಬೇಕು. ಪರವಾನಗಿಗೆ 21 ವರ್ಷ ತುಂಬಿರಬೇಕು, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಬೇಕಾಗಬಹುದು. ಮಗಳು ಮುಂದೆ ಆ ವಿಭಾಗಕ್ಕೆ ಹೋದರೆ ಕ್ಲಬ್‌ನ ಮೇಲ್ವಿಚಾರಣೆಯಲ್ಲಿ ಅಲ್ಲಿನ ರೈಫಲ್‌ನಲ್ಲೇ ಕಲಿಯಲಿ. ಜೋಡಿ ನಳಿಗೆಯ ಹನ್ನೆರಡು ಬೋರ್ ಬಂದೂಕು ಬೆಳೆ ಕಾವಲಿಗೆಂದು ಕೆಲವು ಮನೆಗಳಲ್ಲಿದೆ, ಗುರಿ ಅಭ್ಯಾಸಕ್ಕೂ ಅದಕ್ಕೂ ಸಂಬಂಧವಿಲ್ಲ.

ಕೊಳ್ಳುವ ದಿನ, ಮತ್ತು ಮನೆಗೆ ತಂದ ಮೇಲೆ

ಸಿಲಿಂಡರ್ ಮೇಲೆ ಅಚ್ಚಾದ ದಿನಾಂಕ ನೋಡಿ; ಸ್ಪರ್ಧಾ ರೈಫಲ್‌ಗಳ ಸಿಲಿಂಡರ್ ಆಯುಸ್ಸು ಸಾಮಾನ್ಯವಾಗಿ ಹತ್ತು ವರ್ಷ, ಹಳೆಯದನ್ನು ಕೊಳ್ಳುವವರು ಇದನ್ನೇ ಮೊದಲು ನೋಡಬೇಕು. ಒತ್ತಡದ ಮುಳ್ಳು ಎಲ್ಲಿದೆ ಎಂದು ಗುರುತು ಹಾಕಿ, ಒಂದು ರಾತ್ರಿ ಬಿಟ್ಟು ಮತ್ತೆ ನೋಡಲು ಮಾರುವವರನ್ನು ಒಪ್ಪಿಸಿ. ಮುಳ್ಳು ಇಳಿದಿದ್ದರೆ ಸೀಲು ಸೋರುತ್ತಿದೆ. ಬಿಲ್‌ನಲ್ಲಿ ಕ್ಯಾಲಿಬರ್ ಬರೆಸಿಕೊಳ್ಳಿ, ಶಕ್ತಿ 20 ಜೂಲ್‌ನೊಳಗೆ ಎಂಬ ಕಂಪನಿಯ ಕಾಗದ ಕೇಳಿ, ಎರಡರ ಪ್ರತಿಯನ್ನೂ ರೈಫಲ್ ಪೆಟ್ಟಿಗೆಯಲ್ಲೇ ಇಡಿ. ಬಸ್ಸಿನಲ್ಲಿ ತರುವಾಗ ಮುಚ್ಚಿದ ಪೆಟ್ಟಿಗೆ, ಪೆಲೆಟ್ ಬೇರೆ ಚೀಲ.

ನಮ್ಮ ಸೀಮೆಯ ಅಪಾಯ ಕಲ್ಲು. ಬೇಲಿಗೆ ಕಲ್ಲುಕಂಬ, ಗೋಡೆಗೆ ಕಲ್ಲುಚಪ್ಪಡಿ. ಅದಕ್ಕೆ ಬಡಿದ ಪೆಲೆಟ್ ವಾಪಸು ಬರುತ್ತದೆ. ಗುರಿಯ ಹಿಂದೆ ಮರದ ಪೆಟ್ಟಿಗೆ ಮಾಡಿಸಿ, ಒಳಗೆ ಉಕ್ಕಿನ ಹಲಗೆಯನ್ನು 45 ಡಿಗ್ರಿ ಮುಂದಕ್ಕೆ ಬಾಗಿಸಿ, ಕೆಳಗೆ ಮರಳಿನ ತಟ್ಟೆ ಇಟ್ಟಿದ್ದೇವೆ. ಪೆಲೆಟ್ ಹಲಗೆಗೆ ಬಡಿದು ಮರಳಿಗೆ ಬೀಳುತ್ತದೆ. ತೋಟದಲ್ಲಿ ಆಳೆತ್ತರದ ಮಣ್ಣಿನ ದಿಬ್ಬದ ಮುಂದೆ ಮಾತ್ರ ಹೊಡೆಯುತ್ತೇನೆ. ಎಲ್ಲರಿಗೂ ಕನ್ನಡಕ. ಪೆಲೆಟ್ ಸೀಸದ್ದು, ಅದನ್ನು ಮುಟ್ಟಿದ ಕೈಯಲ್ಲಿ ಊಟ ಮಾಡುವಂತಿಲ್ಲ. ಹುಳು ಇನ್ನೂ ಮೇಯುತ್ತಿರುವ ಮನೆಯಲ್ಲಿ ಇದನ್ನೆಲ್ಲ ಮಾಡಬೇಡಿ. ರೇಷ್ಮೆಹುಳು ಎಷ್ಟು ಸೂಕ್ಷ್ಮ ಎಂದು ನಿಮಗೇ ಗೊತ್ತು.

ಮಗಳ ಸರದಿ ಬೆಳಗ್ಗೆ ಆರಕ್ಕೆ, ಶಾಲೆಗೆ ಮುಂಚೆ. ಅಪ್ಪನದು ಸಂಜೆ ಕಾಫಿಯ ನಂತರ. ನಡುವೆ ರೈಫಲ್ ಬೀರುವಿನಲ್ಲಿ, ಬೀಗದ ಕೈ ನನ್ನ ಸೊಂಟದ ದಾರದಲ್ಲಿ. ಭಾವ ಹೋದ ತಿಂಗಳು ಬಂದಿದ್ದರು. ಮರಳುಚೀಲದ ಮೇಲೆ ಇಪ್ಪತ್ತು ಪೆಲೆಟ್ ಹೊಡೆದು, ತಮಗೆ ಕೆನ್ನೆಪಟ್ಟಿ ಮೂರನೆಯ ಗೀಟಿಗೆ ಬರುತ್ತದೆ ಎಂದು ನೋಟ್‌ಬುಕ್‌ನಲ್ಲಿ ತಾವೇ ಬರೆದು ಹೋದರು.